ನುಂಗಿದವರು, ಉಗುಳಿದವರು

ನವೆಂಬರ್ ೧೨, ಗುರುವಾರ

ಈ ಸಲದ ಶೀತವನ್ನು ಮನೆಗೆ ತಂದವಳು ಮೊಮ್ಮಗಳು ಗುಬ್ಬಿ. ಶಾಲೆಯಲ್ಲಿ ಟೋಪಿ ಮರೆಯುತ್ತಾಳೆ, ಊಟದ ಡಬ್ಬಿ ಮರೆಯುತ್ತಾಳೆ, ಶೀತವನ್ನು ಮಾತ್ರ ಜೋಪಾನವಾಗಿ ತಂದಳು. ಸಂಜೆಯೊಳಗೆ ಸೊಸೆಗೆ ಸೀನು, ಮಗನಿಗೆ ಗಂಟಲು ಕೆರೆತ. ಯಜಮಾನರಿಗಂತೂ ಮೂಗು ಕಟ್ಟಿ, ಮಾತೆಲ್ಲ ಕೊಡದೊಳಗಿಂದ ಬಂದ ಹಾಗೆ.

ನಾನು ನೋಡೋಣ, ಕಾಯೋಣ ಅನ್ನುವವಳಲ್ಲ. ಕೆಳಗೆ ನಮ್ಮ ಲಾಂಡ್ರಿ ಅಂಗಡಿ, ಮೇಲೆ ಮನೆ. ಒಳಗೆ ಹಬೆ, ಬಾಗಿಲು ತೆಗೆದರೆ ಕೊರೆಯುವ ಗಾಳಿ. ಒಬ್ಬರು ಮಲಗಿದರೆ ಸ್ಟೇಷನ್ ಎದುರಿನ ಹೋಟೆಲಿನ ಹೊದಿಕೆಗಳು ತೊಟ್ಟಿಯಲ್ಲೇ ಉಳಿಯುತ್ತವೆ. ಆದ್ದರಿಂದ ಈ ಮನೆಯಲ್ಲಿ ಒಬ್ಬರು ಸೀನಿದರೆ ಎಲ್ಲರಿಗೂ ಔಷಧಿ. ಇದು ನಾನು ಮಾಡಿದ ಕಟ್ಟಳೆ. ಊಟವಾದ ಮೇಲೆ ಕೈತೊಳೆಯುವ ಬೇಸಿನ್ ಹತ್ತಿರ ಸಾಲಾಗಿ ನಿಲ್ಲಬೇಕು. ಮೊದಲು ಇವರು, ಆಮೇಲೆ ಮಗ, ಸೊಸೆ, ಕೊನೆಗೆ ಗುಬ್ಬಿ. ಕೆಮ್ಮು, ಶೀತ, ಮೂಗು ಕಟ್ಟುವುದು, ಮೈಕೈ ನೋವು, ಎಲ್ಲಕ್ಕೂ ಒಂದೇ ಸಿರಪ್ಪು. ದೊಡ್ಡವರಿಗೆ ಊಟದ ಚಮಚದಲ್ಲಿ ತುಂಬ, ಗುಬ್ಬಿಗೆ ಅರ್ಧ. ಬಾಟಲಿಯ ತಲೆ ಮೇಲೆ ಒಂದು ಪುಟ್ಟ ಪ್ಲಾಸ್ಟಿಕ್ ಬಟ್ಟಲು ಕೂರಿಸಿ ಕೊಡುತ್ತಾರೆ, ಮಕ್ಕಳ ಆಟದ ಸಾಮಾನಿನ ಹಾಗೆ. ಅದನ್ನು ನಾನು ಕೌಂಟರಿನಲ್ಲಿ ಕಿತ್ತುಬಂದ ಗುಂಡಿಗಳನ್ನು ಹಾಕಿಡಲು ಇಟ್ಟುಕೊಂಡಿದ್ದೇನೆ.

ಇವತ್ತೂ ಎಲ್ಲರೂ ತೆಪ್ಪಗೆ ಬಂದು ನಿಂತರು, ಬಾಯಿ ತೆರೆದರು, ಹೋದರು. ಬೇರೆ ಮನೆಗಳಲ್ಲಿ ಮಾತ್ರೆ ನುಂಗಿಸಲು ಓಲೈಸುವುದನ್ನು ನೋಡಿದ್ದೇನೆ. ನನ್ನ ಮನೆಯಲ್ಲಿ ಆ ರಗಳೆ ಇಲ್ಲ. ನನಗೆ ಶೀತ ಹಿಡಿಯುವುದಿಲ್ಲ, ಆದ್ದರಿಂದ ನಾನು ಕುಡಿಯುವುದಿಲ್ಲ.

ಇವರಿಗೆ ಸಿರಪ್ಪು ಸಾಲದು ಅನ್ನಿಸಿತು. ಔಷಧಿ ಅಂಗಡಿಗೆ ನಾನೇ ಹೋಗಿ ಶೀತದ ಮಾತ್ರೆಯನ್ನೂ ತಂದೆ. ಬೆಳಿಗ್ಗೆ ಒಂದು, ಸಂಜೆ ಒಂದು.

ನವೆಂಬರ್ ೧೪, ಶನಿವಾರ

ಗುಬ್ಬಿ ಜಿಗಿದಾಡುತ್ತಿದ್ದಾಳೆ. ಮಗ ಸೊಸೆಯೂ ಪರವಾಗಿಲ್ಲ. ಇವರ ಮೂಗು ಬಿಟ್ಟಿದೆ, ಆದರೆ ಮುಖ ಗಂಟು ಹಾಕಿಕೊಂಡಿದೆ. ನಿದ್ದೆ ಬರಲಿಲ್ಲವಂತೆ. ಎದೆ ದಬದಬ ಅನ್ನುತ್ತದಂತೆ. "ವಯಸ್ಸಾಯ್ತು ಕಣೇ" ಅಂದರು. "ನನಗೇನು ವಯಸ್ಸಾಗಿಲ್ಲವಾ? ನಾನು ಎದೆ ಎದೆ ಅನ್ನುತ್ತೀನಾ?" ಎಂದೆ. ಎದ್ದು ಬಚ್ಚಲಿಗೆ ಹೋದರು.

ಬಚ್ಚಲಿಗೆ ಹೋದವರು ಹೊರಗೆ ಬರುವುದೇ ಇಲ್ಲ. ಬಂದವರು ಮತ್ತೆ ಹೋಗುತ್ತಾರೆ. ಕೆಳಗೆ ಇಸ್ತ್ರಿ ಮಾಡುವವನಿಗೆ ಎಲ್ಲರೂ ಮೀಸೆ ಅಂತಲೇ ಕರೆಯುವುದು, ನಿಜವಾದ ಹೆಸರು ಅವನ ಹೆಂಡತಿಗೂ ಮರೆತಿರಬೇಕು. ಅವನು ಹಲ್ಲು ಬಿಟ್ಟು, "ಅಮ್ಮಾವ್ರೇ, ಯಜಮಾನ್ರು ಬಚ್ಚಲಲ್ಲಿ ಏನಾದ್ರೂ ಬ್ರಾಂಚ್ ಆಫೀಸ್ ಮಾಡವ್ರಾ?" ಅಂದ. "ನಿನ್ನ ಇಸ್ತ್ರಿ ನೋಡ್ಕೋ, ಕಾಲರ್ ಕಂದುತ್ತಿದೆ" ಎಂದೆ. ಕಂದುತ್ತಿರಲಿಲ್ಲ. ಹೆದರಲಿ ಅಂತ.

ಇವರು ನನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ. ಮುಖ ನೋಡಿದರೆ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಒಂದು ದಿನ ಅಪ್ಪ ಮಗ ಇಬ್ಬರೂ ಹಳೇ ಯಂತ್ರ ನೋಡಲು ಹೋಗುತ್ತೇವೆ ಎಂದು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಟರಲ್ಲ, ಆವತ್ತೂ ಇದೇ ಮುಖ. ಯಂತ್ರ ನೋಡಲು ಹೋಗುವವರು ಒಳ್ಳೆಯ ಶರ್ಟು ಹಾಕಿಕೊಳ್ಳುತ್ತಾರೆಯೇ?

ನವೆಂಬರ್ ೧೫, ಭಾನುವಾರ

ಇವತ್ತು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಭಾನುವಾರ ಅಂಗಡಿಗೆ ರಜೆ, ಮನೆಬಟ್ಟೆಯ ಸರದಿ. ಬಿಳಿ, ಬಣ್ಣ ಅಂತ ಬೇರೆ ಮಾಡುತ್ತಿದ್ದೆ. ಮಗನ ಕರವಸ್ತ್ರದಲ್ಲಿ ಕಂದುಗೆಂಪು ಕಲೆ. ರಕ್ತ ಅಂದುಕೊಂಡೆ. ಕಿಟಕಿಯ ಬೆಳಕಿಗೆ ಹಿಡಿದೆ. ಒಣಗಿದ ರಕ್ತ ಬಟ್ಟೆಯನ್ನು ಬಿರುಸು ಮಾಡುತ್ತದೆ, ಕೈಗೆ ಅಂಟುವುದಿಲ್ಲ. ಇದು ಅಂಟುತ್ತಿತ್ತು. ಮೂಸಿದೆ.

ಇನ್ನೊಂದು ಕರವಸ್ತ್ರದಲ್ಲೂ ಅದೇ. ಸೊಸೆಯ ಏಪ್ರನ್ನಿನ ಜೇಬಿನೊಳಗೆ ಒಂದು ಬಟ್ಟೆಚೂರು, ಮಡಿಸಿದ್ದು ಬಿಡಿಸಲಾಗದ ಹಾಗೆ ಅಂಟಿಕೊಂಡಿತ್ತು. ಗುಬ್ಬಿಯ ಸ್ವೆಟರಿನ ತೋಳಿನ ತುದಿ ಒಳಗಡೆಯಿಂದ ಗಟ್ಟಿ. ಬಣ್ಣ ಅದೇ, ವಾಸನೆ ಅದೇ. ಬೇಸಿನ್ ಪಕ್ಕದ ಹೂಕುಂಡಕ್ಕೆ ಇರುವೆ ಏಕೆ ಸಾಲುಗಟ್ಟುತ್ತವೆ ಎಂದು ಎಷ್ಟೋ ಸಲ ಯೋಚಿಸಿದ್ದೆ. ಇವತ್ತು ಉತ್ತರ ಸಿಕ್ಕಿತು.

ಊರವರ ಕಲೆಯನ್ನೆಲ್ಲ ನೋಡಿದ ಕೂಡಲೆ ಹೇಳುವವಳು ನಾನು. ಇದು ಶಾಯಿ, ಇದು ತುಕ್ಕು, ಇದು ಅವರು ಸುಳ್ಳು ಹೇಳುತ್ತಿರುವ ಕಲೆ. ನನ್ನ ಮನೆಯ ಕಲೆ ನನಗೆ ಕಾಣಲಿಲ್ಲ.

ಎಷ್ಟು ವರ್ಷದಿಂದ? ನನ್ನ ಎದುರಿಗೆ ಬಾಯಿ ತೆರೆದು, ಹಿಂದೆ ತಿರುಗಿ ಉಗುಳಿ, ಮಾರನೆಯ ದಿನ "ಅತ್ತೆ, ನಿಮ್ಮ ಔಷಧಿ ಕೊಟ್ಟಮೇಲೆ ಗಂಟಲು ಹಗುರವಾಯ್ತು" ಅಂದಳಲ್ಲ, ಅದು ಯಾವ ಬಾಯಿ? ನಾನು ಹಿಗ್ಗಿ ಹೀರೆಕಾಯಿಯಾಗಿದ್ದೆನಲ್ಲ, ನನ್ನ ಬೆನ್ನ ಹಿಂದೆ ಎಷ್ಟು ನಕ್ಕಿರಬೇಕು!

ಇವರ ಬಟ್ಟೆಯನ್ನು ಒಂದೊಂದಾಗಿ ತಿರುವಿ ನೋಡಿದೆ. ತೋಳು, ಜೇಬು, ಕರವಸ್ತ್ರ, ಟವೆಲು. ಎಲ್ಲೂ ಒಂದು ಚುಕ್ಕೆ ಇಲ್ಲ.

ಯಾರಿಗೂ ಏನೂ ಹೇಳಲಿಲ್ಲ. ಕಲೆಗಳನ್ನು ಬಿಸಿನೀರಲ್ಲಿ ನೆನೆಹಾಕಿದೆ. ಸಕ್ಕರೆಯ ಕಲೆ, ಬೇಗ ಬಿಡುತ್ತದೆ.

ನವೆಂಬರ್ ೧೬, ಸೋಮವಾರ

ಇವತ್ತು ಬೇಸಿನ್ ಮೇಲಿನ ಕನ್ನಡಿಯನ್ನು ಒಂದಿಷ್ಟು ವಾಲಿಸಿ ಇಟ್ಟೆ. ಚಮಚ ಹಾಕುವಾಗ ನನ್ನ ಬೆನ್ನ ಹಿಂದೆ ಏನು ನಡೆಯುತ್ತದೆ ಅಂತ ಕಾಣಬೇಕಲ್ಲ.

ಮಗ ಕೆಮ್ಮು ಬಂದವನ ಹಾಗೆ ಕರವಸ್ತ್ರ ಬಾಯಿಗೆ ಹಿಡಿದ. ಎಷ್ಟು ಚೆನ್ನಾಗಿ ಕೆಮ್ಮುತ್ತಾನೆ! ಸೊಸೆ ತಟ್ಟೆ ಎತ್ತುವ ನೆಪದಲ್ಲಿ ಬಗ್ಗಿದಳು, ಏಳುವಷ್ಟರಲ್ಲಿ ಕೆನ್ನೆ ಖಾಲಿ. ಗುಬ್ಬಿ ಕೆನ್ನೆ ಉಬ್ಬಿಸಿಕೊಂಡು ಹೂಕುಂಡಕ್ಕೆ ನೀರು ಹಾಕಲು ಓಡಿದಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಷ್ಟು ಅಭ್ಯಾಸವಾಗಿದೆ.

ಇವರು ನುಂಗಿದರು. ಗಂಟಲ ಗುಂಡಿ ಮೇಲೆ ಹೋಗಿ ಕೆಳಗೆ ಬಂದದ್ದನ್ನು ನಾನೇ ನೋಡಿದೆ. ಎಂದಿನ ಹಾಗೆ ನಾಲಿಗೆ ಚಾಚಿ ತೋರಿಸಿದರು.

ಇಷ್ಟು ಜನರಲ್ಲಿ ನನ್ನವರು ಅಂತ ಇರುವುದು ಒಬ್ಬರೇ. ಕಣ್ಣು ತುಂಬಿ ಬಂತು, ಬೇರೆಯವರಿಗೆ ಕಾಣದ ಹಾಗೆ ಬಾಟಲಿಯ ಕಡೆ ತಿರುಗಿದೆ. "ಇನ್ನೊಂದಿಷ್ಟು ತಗೊಳ್ಳಿ" ಎಂದು ಮತ್ತೆ ಅರ್ಧ ಚಮಚ ಹಾಕಿದೆ. ನನ್ನ ಮುಖವನ್ನೇ ನೋಡುತ್ತ ಅದನ್ನೂ ನುಂಗಿದರು.

ನವೆಂಬರ್ ೧೭, ಮಂಗಳವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಹಳೇ ರಸೀತಿಯ ಹಿಂಬದಿಯಲ್ಲಿ. ಆಮೇಲೆ ಅಂಟಿಸಬೇಕು.

ಬೆಳಿಗ್ಗೆ ಇಸ್ತ್ರಿ ಮೇಜಿನ ತುದಿ ಹಿಡಿದುಕೊಂಡು ನಿಂತಿದ್ದರು. ಮುಖ ಕೆಂಪಗೆ, ಹಣೆ ತುಂಬ ಬೆವರು. ಹಬೆಯ ಬೆವರಲ್ಲ. ಮೀಸೆ ಹಿಡಿದುಕೊಂಡ, ಇಲ್ಲದಿದ್ದರೆ ಬಿಸಿ ಇಸ್ತ್ರಿಯ ಮೇಲೆ ಬೀಳುತ್ತಿದ್ದರು. ಹೊಟ್ಟೆ ಕಲ್ಲಿನ ಹಾಗೆ. "ಏನಾಯ್ತು? ಏನಾಯ್ತು ರೀ?" ಅಂದರೆ ನನ್ನ ಕಿವಿಯ ಹತ್ತಿರ ಬಾಯಿ ತಂದು, "ನಿನ್ನೆಯಿಂದ ಒಂದಕ್ಕೆ ಹೋಗಕ್ಕೆ ಆಗ್ತಿಲ್ಲ ಕಣೇ" ಅಂದರು. ಎಲ್ಲರ ಎದುರು ಹೇಳಲು ನಾಚಿಕೆ.

ಒಳಗೆ ಕರೆದುಕೊಂಡು ಹೋಗಿದ್ದಾರೆ. ಬಾಗಿಲು ಹಾಕಿದ್ದಾರೆ.

ಅವರ ಚಪ್ಪಲಿ ನನ್ನ ಕೈಯಲ್ಲಿದೆ.

ನವೆಂಬರ್ ೧೮, ಬುಧವಾರ

ಕೊಳವೆ ಹಾಕಿ ಹೊಟ್ಟೆ ಹಗುರ ಮಾಡಿದ್ದಾರೆ. ಬಿಪಿ ಇಳಿಯುತ್ತಿದೆ. ತಡ ಮಾಡಿದ್ದರೆ ಕಿಡ್ನಿಗೋ ಮಿದುಳಿಗೋ ಪೆಟ್ಟು ಬೀಳುತ್ತಿತ್ತು ಅಂದರು. ಜೀವಕ್ಕೆ ಅಪಾಯವಿಲ್ಲ. ಅಷ್ಟು ಬರೆದು ಒಂದು ಲೋಟ ನೀರು ಕುಡಿದು ಬಂದೆ.

ಡಾಕ್ಟರಮ್ಮ ನನ್ನ ಸೊಸೆಯ ವಯಸ್ಸಿನವಳು. ಏನೇನು ಕೊಟ್ಟಿದ್ದೀರಿ ಎಂದಳು. ಸೊಸೆ ಮನೆಗೆ ಓಡಿ ಸಿರಪ್ಪು, ಮಾತ್ರೆ ಎರಡನ್ನೂ ತಂದಳು. ಡಾಕ್ಟರಮ್ಮ ಎರಡನ್ನೂ ಅಕ್ಕಪಕ್ಕ ಇಟ್ಟು, ಬೆರಳಿಟ್ಟು ತೋರಿಸಿದಳು. "ಹೆಸರು ಬೇರೆ ಅಮ್ಮ, ಒಳಗಿರೋದು ಅದೇ. ನೀವು ಒಂದೇ ಔಷಧಿಯನ್ನ ಎರಡು ಕೈಲಿ ಕೊಟ್ಟಿದ್ದೀರಿ."

ಒಂದರಲ್ಲೇ ನಾಲ್ಕು ಔಷಧಿ ಕಲೆಸಿರುತ್ತಾರಂತೆ. ಕೆಮ್ಮಿಗೊಂದು, ಜ್ವರಕ್ಕೊಂದು, ಸೀನಿಗೊಂದು, ಮೂಗು ಬಿಡಿಸಲು ಒಂದು. ಮೂಗು ಬಿಡಿಸುವುದು ಮೂಗಿನ ಒಳಗಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಹಾಗೆ ಮಾಡುವಾಗ ಮೈಯ ಉಳಿದ ನಾಳಗಳನ್ನೂ ಬಿಡುವುದಿಲ್ಲ. ಬಿಪಿ ಇರುವವರಿಗೆ ಅದು ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಹೋಗುತ್ತದೆ. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿದ್ದರೆ ಅದೂ, ಸೀನಿನ ಔಷಧಿಯೂ ಸೇರಿ ಮೂತ್ರವನ್ನೇ ಕಟ್ಟಿಹಾಕುತ್ತವೆ. ಜ್ವರದ ಔಷಧಿ ಎರಡೆರಡು ಕಡೆಯಿಂದ ಹೋದರೆ ಲಿವರಿಗೂ ಕೇಡು. ಅಡುಗೆಮನೆಯ ಚಮಚದಲ್ಲಿ ಅಳೆಯಬಾರದು, ಒಂದೊಂದು ಚಮಚ ಒಂದೊಂದು ಅಳತೆ. ಮಗುವಿಗೆ ದೊಡ್ಡವರ ಸಿರಪ್ಪನ್ನು ಅರ್ಧ ಮಾಡಿ ಕೊಡಲೇಬಾರದು.

ನಾನು ತಲೆ ಬಗ್ಗಿಸಲಿಲ್ಲ. "ಅವರಿಗೆ ಪ್ರಾಸ್ಟೇಟ್ ಗೀಸ್ಟೇಟ್ ಏನೂ ಇಲ್ಲ. ಬಿಪಿ ಮಾತ್ರ" ಎಂದೆ.

ಡಾಕ್ಟರಮ್ಮ ಮಗನ ಮುಖ ನೋಡಿದಳು. ಮಗ ನೆಲ ನೋಡಿದ. "ಬೇಸಿಗೆಯಲ್ಲಿ ಅದನ್ನೇ ತೋರಿಸೋಕೆ ಅಪ್ಪ ಮಗ ಇಲ್ಲಿಗೇ ಬಂದಿದ್ದರಲ್ಲ. ಶೀತಕ್ಕೆ ಅಂತ ಅಂಗಡಿ ಔಷಧಿ ನಮ್ಮನ್ನ ಕೇಳದೆ ತಗೋಬೇಡಿ ಅಂತ ನಾನೇ ಇಬ್ಬರಿಗೂ ಹೇಳಿದ್ದೆ."

ಹಳೇ ಯಂತ್ರ. ಇಸ್ತ್ರಿ ಮಾಡಿದ ಶರ್ಟು.

ನವೆಂಬರ್ ೧೯, ಗುರುವಾರ

ಆಸ್ಪತ್ರೆಯ ಮೆಟ್ಟಿಲ ಹತ್ತಿರ ಮಗನನ್ನು ನಿಲ್ಲಿಸಿಕೊಂಡೆ.

"ನಿನಗೆ ಗೊತ್ತಿತ್ತು."

"ಗೊತ್ತಿತ್ತಮ್ಮ."

"ನನ್ನ ಕಣ್ಣೆದುರಿಗೆ ನಿಮ್ಮಪ್ಪ ಬಾಯಿ ತೆಗೆದಾಗ ಸುಮ್ಮನೆ ನಿಂತಿದ್ದೆ."

ಅವನು ಮೆಟ್ಟಿಲ ಕಂಬಿ ಹಿಡಿದುಕೊಂಡ. ಆಮೇಲೆ ಹೇಳಿದ, "ಅಪ್ಪನೂ ಉಗುಳ್ತಾರೆ ಅಂದ್ಕೊಂಡಿದ್ದೆ."

ಅವನ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ತಲೆ ನರೆಯಲು ಶುರುವಾದ ಮಗ. ಕೈ ಎತ್ತಲಿಲ್ಲ.

ನವೆಂಬರ್ ೨೦, ಶುಕ್ರವಾರ

ಇವತ್ತು ಅಂಗಡಿಯಲ್ಲಿ ಸೊಸೆಯೊಂದಿಗೆ ಮಾತಿಗೆ ಮಾತು ಬೆಳೆಯಿತು. ಮೀಸೆ ಇದ್ದಾನೆ ಅನ್ನುವುದನ್ನೂ ನೋಡಲಿಲ್ಲ.

ನಾನೇ ಶುರು ಮಾಡಿದೆ. "ನೀನು ಉಗುಳುತ್ತಿದ್ದದ್ದು ನನ್ನ ಔಷಧಿಯನ್ನಲ್ಲ, ನನ್ನ ಮುಖಕ್ಕೇ ಉಗುಳುತ್ತಿದ್ದೆ" ಎಂದೆ.

"ಹೌದು ಅತ್ತೆ, ಉಗುಳ್ದೆ. ಕುಡಿದ್ರೆ ತಲೆ ಗಿರ್ ಅನ್ನೋದು, ಯಂತ್ರದ ಹತ್ತಿರ ಕೈ ನಡುಗೋದು. ಬಂದ ಹೊಸದರಲ್ಲಿ ಒಂದು ಸಲ ಹೇಳಿದ್ದೆ, ನೆನಪಿದೆಯಾ? 'ನಿಮ್ಮಮ್ಮನ ಮನೇಲಿ ನಾಜೂಕಾಗಿ ಸಾಕಿದ್ದಾರೆ' ಅಂದ್ರಿ. ಆಮೇಲೆ ಹೇಳೋಕೆ ಹೋಗಲಿಲ್ಲ."

"ಎರಡನೇ ಸಲ ಹೇಳಬೇಕಿತ್ತು."

"ಯಾರು ಹೇಳ್ತಾರೆ ನಿಮಗೆ ಎರಡನೇ ಸಲ?"

ಮೀಸೆ ಇಸ್ತ್ರಿಯನ್ನು ಎತ್ತಿ ನಿಲ್ಲಿಸಿದ, ಶಬ್ದವಾಗದ ಹಾಗೆ.

ನನ್ನ ಕೈಯಲ್ಲಿ ಯಾರದೋ ಉಣ್ಣೆ ಕೋಟು ಇತ್ತು. ಮಾತಾಡುತ್ತಲೇ ಕಾಲರ್ ಮಗುಚಿ ಒಳಗಿನ ಚೀಟಿ ಓದುತ್ತಿದ್ದೆ, ನೀರಿಗೆ ಹಾಕಬಹುದೋ ಬಾರದೋ ಅಂತ. ಓದದೆ ಯಾವ ಬಟ್ಟೆಯನ್ನೂ ನೀರಿಗೆ ಹಾಕಬಾರದು, ಇದು ಈ ಅಂಗಡಿಯಲ್ಲಿ ನಾನು ಮಾಡಿದ ಮೊದಲನೇ ಕಟ್ಟಳೆ. ಸೊಸೆ ಆ ಕೋಟನ್ನು ತೋರಿಸಿದಳು. ದನಿ ಏರಿಸಲಿಲ್ಲ, ಏರಿಸಿದ್ದರೆ ಚೆನ್ನಾಗಿತ್ತು.

"ಕಂಡವರ ಕೋಟಿನ ಚೀಟಿನೂ ಓದದೆ ನೀರಿಗೆ ಹಾಕಲ್ಲ ನೀವು. ಮಾವ ಕುಡಿಯೋ ಬಾಟಲಿ ಮೇಲಿರೋದನ್ನ ಒಂದು ಸಲ ಓದಿದ್ದೀರಾ ಅತ್ತೆ?"

ಕೋಟನ್ನು ಕೌಂಟರಿನ ಮೇಲಿಟ್ಟು ಮೇಲೆ ಬಂದೆ. ಇವಳಿಗೆ ನಾನು ಕೆಲಸ ಕಲಿಸಿದೆ. ಗಂಜಿ ಎಷ್ಟು ತೆಳ್ಳಗಿರಬೇಕು ಅನ್ನುವುದರಿಂದ ಹಿಡಿದು ಎಲ್ಲ. ಕಲಿಸಿದ್ದನ್ನು ನನ್ನ ಮೇಲೇ ತಿರುಗಿಸಿದಳು.

ಊಟ ಮಾಡಲಿಲ್ಲ. ಯಾರೂ ಕರೆಯಲಿಲ್ಲ. ಕರೆದರು, ನಾನು ಹೋಗಲಿಲ್ಲ.

ನವೆಂಬರ್ ೨೨, ಭಾನುವಾರ

ಇವರನ್ನು ಮನೆಗೆ ಕರೆತಂದೆವು. ಕೊಳವೆ ಇನ್ನೂ ಇದೆ, ಚೀಲ ಮಂಚದ ಕಾಲಿಗೆ ತೂಗುತ್ತಿದೆ. ಗುಬ್ಬಿ ಅದರ ಮೇಲೆ ಒಂದು ದಿಂಬಿನ ಚೀಲ ಹೊದಿಸಿ, "ತಾತ, ಈಗ ಯಾರಿಗೂ ಕಾಣಲ್ಲ" ಅಂದಳು.

ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿ ಕೇಳಿದೆ.

"ಗೊತ್ತಿದ್ದೂ ಯಾಕೆ ಕುಡಿದಿರಿ?"

"ನೀನು ಕೊಟ್ಟೆಯಲ್ಲ."

"ವಿಷ ಕೊಟ್ಟರೂ ಕುಡಿಯುತ್ತಿದ್ದಿರಾ?"

"ಅರ್ಧ ಚಮಚ ಜಾಸ್ತಿ ಹಾಕ್ತಿದ್ದೆ ನೀನು" ಅಂದರು. ನಗುತ್ತಿದ್ದರು! ಆ ಬಿಳುಚಿದ ಮುಖದಲ್ಲಿ ನಗು!

"ತಮಾಷೆ ಬೇಡ. ಬಾಯಿ ಇರಲಿಲ್ಲವಾ? ನನಗೆ ಇಂಥದ್ದಿದೆ, ಡಾಕ್ಟರು ಬೇಡ ಅಂದಿದ್ದಾರೆ, ಅಷ್ಟೇ ತಾನೆ ಹೇಳಬೇಕಿದ್ದದ್ದು? ಮಗನಿಗೆ ಹೇಳಬಹುದು, ಕಂಡ ಡಾಕ್ಟರಮ್ಮನಿಗೆ ತೋರಿಸಬಹುದು, ನನಗೆ ಹೇಳಲು ನಾಚಿಕೆಯಾ?"

ಅವರ ನಗು ಹೋಯಿತು. ಹೊದಿಕೆಯ ಅಂಚನ್ನು ಬೆರಳಲ್ಲಿ ತೀಡುತ್ತ ಕೂತರು, ಇಸ್ತ್ರಿಗೆ ಮೊದಲು ಮಡಿಕೆ ನೋಡುವ ಹಾಗೆ. "ನಾಚಿಕೆ ಅಲ್ಲ ಕಣೇ. ನಿನಗೆ ಬೇಡ ಅಂತ ಹೇಳಿ ನನಗೆ ಅಭ್ಯಾಸವೇ ಇಲ್ಲ. ಹೇಗೆ ಶುರು ಮಾಡೋದು ಅಂತ ಗೊತ್ತಾಗಲಿಲ್ಲ. ಒಂದೆರಡು ಚಮಚ ತಾನೆ, ನುಂಗಿಬಿಟ್ಟರೆ ಮುಗೀತು ಅನ್ಕೊಂಡೆ."

ನನಗೆ ಬಂದ ಸಿಟ್ಟು ಮಗನ ಮೇಲೂ ಬಂದಿರಲಿಲ್ಲ, ಸೊಸೆಯ ಮೇಲೂ ಬಂದಿರಲಿಲ್ಲ. ಇವರೊಬ್ಬರು ನನ್ನವರು ಎಂದುಕೊಂಡಿದ್ದೆ. ಅವರೆಲ್ಲ ಉಗುಳಿ ಮೋಸ ಮಾಡಿದರು, ಇವರು ನುಂಗಿ ಮೋಸ ಮಾಡಿದರು. ಉಗುಳಿದವರು ಗಟ್ಟಿಮುಟ್ಟಾಗಿ ಓಡಾಡುತ್ತಿದ್ದಾರೆ. ಇವರು ಸತ್ತುಹೋಗಿದ್ದರೆ ಊರು ಏನನ್ನುತ್ತಿತ್ತು? ಅವಳೇ ಕೈಯಾರೆ ಕೊಂದಳು ಅನ್ನುತ್ತಿತ್ತು. ಊರು ಹಾಳಾಗಲಿ. ನಾನು ಏನನ್ನುತ್ತಿದ್ದೆ?

"ಆ ಅರ್ಧ ಚಮಚ ನಾನು ಪ್ರೀತಿಗೆ ಹಾಕಿದ್ದು" ಎಂದೆ.

"ಗೊತ್ತಿತ್ತು. ಅದಕ್ಕೇ ನುಂಗಿದೆ" ಅಂದರು.

ಹೊರಗೆ ಬಂದು ಒಣಗಿದ ಹೊದಿಕೆಗಳನ್ನು ಮತ್ತೊಮ್ಮೆ ಮಡಿಸಿದೆ.

ನವೆಂಬರ್ ೨೫, ಬುಧವಾರ

ಔಷಧಿ ಅಂಗಡಿಯವನ ಎದುರು ಸಿರಪ್ಪು, ಮಾತ್ರೆ ಎರಡನ್ನೂ ಕುಕ್ಕಿದೆ. ಗಿರಾಕಿಗಳಿದ್ದರು, ಇರಲಿ ಎಂದೇ ಆ ಹೊತ್ತಿಗೆ ಹೋಗಿದ್ದು.

"ಯಾರಿಗೆ ಅಂತ ಕೇಳಬಾರದಿತ್ತೇನಯ್ಯಾ?"

"ಯಾರಿಗೆ ಅಂತ ನೀವೂ ಹೇಳಲಿಲ್ಲ ಅಮ್ಮಾವ್ರೇ. ನಾನು ಕೇಳ್ಬೇಕಿತ್ತು, ತಪ್ಪೇ. ಆದ್ರೆ ಹೋದ ವರ್ಷ ಕೇಳಿದ್ದೆ. 'ಕೊಡೋ ಸಾಮಾನು ಕೊಡು, ನನ್ನ ಮನೆ ಸುದ್ದಿ ನಿನಗ್ಯಾಕೆ' ಅಂದ್ರಲ್ಲ."

ಅಂದಿರಬಹುದು. ಆ ಧಾಟಿ ನನ್ನದೇ.

ಮಾತ್ರೆಯ ಡಬ್ಬಿಯೊಳಗೆ ಮಡಿಸಿಟ್ಟ ಕಾಗದ ತೆಗೆದು ಕೊಟ್ಟ. ಮನೆಗೆ ಬಂದು ಕಲೆ ನೋಡುವ ಭೂತಗನ್ನಡಿ ಹಿಡಿದು ಓದಿದೆ. ಹೈಸ್ಕೂಲು ಮುಗಿಸಿದವಳಿಗೆ ಓದಲಾಗದ್ದೇನಲ್ಲ, ಅಕ್ಷರ ಇರುವೆಯಷ್ಟು. ಬಿಪಿ, ಹೃದಯ, ಸಕ್ಕರೆ ಕಾಯಿಲೆ, ಕಣ್ಣಿನ ಒತ್ತಡ, ಥೈರಾಯ್ಡ್, ಮೂತ್ರದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ಬೇರೆ ಶೀತದ ಔಷಧಿಯ ಜೊತೆ ಬೇಡ. ಎಲ್ಲ ಬರೆದೇ ಇದೆ. ಇಷ್ಟು ಮುಖ್ಯವಾದದ್ದನ್ನು ಇಷ್ಟು ಸಣ್ಣಗೆ ಬರೆಯುವವರನ್ನು ನಮ್ಮ ಅಂಗಡಿಯಲ್ಲಿ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ.

ಬಟ್ಟೆಗೆ ಗುರುತು ಹಾಕುವ ಶಾಯಿ, ಬಿಳಿ ಪಟ್ಟಿ ಇದ್ದವು. ದಪ್ಪಕ್ಷರದಲ್ಲಿ ಬರೆದು ಔಷಧಿ ಕಪಾಟಿನ ಒಂದೊಂದಕ್ಕೂ ಕಟ್ಟಿದೆ. "ತಾತನಿಗೆ ಇಲ್ಲ." "ಗುಬ್ಬಿಗೆ ಇಲ್ಲ." "ಇದರಲ್ಲಿ ಜ್ವರದ್ದೂ ಇದೆ." "ಇದು, ಅದು ಒಂದೇ." ಸಿರಪ್ಪಿನಲ್ಲಿ ಉಳಿದದ್ದನ್ನು, ಮಾತ್ರೆಗಳನ್ನು ಔಷಧಿ ಅಂಗಡಿಯವನಿಗೇ ಹಿಂದಕ್ಕೆ ಕಳಿಸಿದೆ, ಸರಿಯಾಗಿ ಬಿಸಾಡುತ್ತಾನಂತೆ. ಕಳಿಸುವ ಮೊದಲು ಒಂದು ತೊಟ್ಟು ನಾಲಿಗೆಗೆ ಮುಟ್ಟಿಸಿಕೊಂಡೆ. ಮೊದಲು ಸಿಹಿ, ಆಮೇಲೆ ಹಾಳು ಕಹಿ. ಹೇಗೆ ನುಂಗಿದರೋ.

ಗುಂಡಿಗಳನ್ನು ಬೇರೆ ಡಬ್ಬಿಗೆ ಸುರಿದೆ. ಪ್ಲಾಸ್ಟಿಕ್ ಬಟ್ಟಲನ್ನು ತೊಳೆದಿಟ್ಟೆ. ಬದಿಯಲ್ಲಿ ಗೆರೆಗಳಿವೆ, ಈವರೆಗೆ ನೋಡಿರಲಿಲ್ಲ.

ಇದನ್ನೆಲ್ಲ ಸೊಸೆ ಹೇಳಿದಳು ಅಂತ ಮಾಡಿದ್ದಲ್ಲ.

ಡಿಸೆಂಬರ್ ೩, ಗುರುವಾರ

ಕೊಳವೆ ತೆಗೆದರು. ಇವರು ಬಚ್ಚಲಿಗೆ ಹೋದಾಗ ನಾವೆಲ್ಲ ಉಸಿರು ಬಿಗಿಹಿಡಿದು ಹೊರಗೆ ನಿಂತಿದ್ದೆವು, ನಾಚಿಕೆಗೇಡಿಗಳ ಹಾಗೆ. ಶಬ್ದ ಕೇಳಿಸಿತು. ಮೀಸೆ ಕೆಳಗಿನಿಂದ "ಬ್ರಾಂಚ್ ಆಫೀಸ್ ಓಪನ್ ಆಯ್ತಾ?" ಎಂದು ಕೂಗಿದ. ನಾನು ಬೈಯಲಿಲ್ಲ. ಆಮೇಲೆ ಬೈದೆ.

ನನಗೆ ಮೂಗು ಕಟ್ಟಿದೆ. ನನಗೆ! ಬರೆಯಲೂ ಬೇಸರ.

ಡಿಸೆಂಬರ್ ೪, ಶುಕ್ರವಾರ

ಸೊಸೆ ಬಿಸಿನೀರಿನ ಪಾತ್ರೆ, ಟವೆಲು ತಂದಿಟ್ಟಳು. ಹಬೆ ತೆಗೆದುಕೊಳ್ಳಿ ಅಂದಳು. "ದಿನವಿಡೀ ಹಬೆಯಲ್ಲೇ ಇರುವವಳಿಗೆ ಇದೊಂದು ಬೇರೆ" ಎಂದೆ. "ಹಾಗಾದರೆ ಉಪ್ಪುನೀರು ಬಾಯಿಗೆ ಹಾಕಿ ಮುಕ್ಕಳಿಸಿ" ಅಂದಳು. "ಉಪ್ಪುನೀರು ಬೇಡ, ವಾಂತಿ ಬರುತ್ತದೆ" ಎಂದೆ. "ಸರಿ" ಎಂದು ಪಾತ್ರೆ ತೆಗೆದುಕೊಂಡು ಹೋದಳು. ಅಷ್ಟೇ. ಎರಡನೇ ಸಲ ಹೇಳಲಿಲ್ಲ, ಮೂತಿ ತಿರುವಲಿಲ್ಲ.

ನಾನು ಬೇಡ ಅಂದದ್ದಕ್ಕೆ ಅವಳಿಗೆ ಏನೂ ಆಗಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ನಾನೇ ಹೋಗಿ ಹಬೆ ತೆಗೆದುಕೊಂಡೆ. ಅವಳನ್ನು ನಾನು ಕ್ಷಮಿಸಿಲ್ಲ.

ಡಿಸೆಂಬರ್ ೯, ಬುಧವಾರ

ಗುಬ್ಬಿಗೆ ಮತ್ತೆ ಕೆಮ್ಮು. ಊಟವಾದ ಮೇಲೆ ನೋಡುತ್ತೇನೆ, ಎಲ್ಲರೂ ಬೇಸಿನ್ ಹತ್ತಿರ ಸಾಲಾಗಿ ನಿಂತಿದ್ದಾರೆ. ಯಾರೂ ಕರೆದಿರಲಿಲ್ಲ. ಕಾಲು ತಾನಾಗಿ ಅಲ್ಲಿಗೆ ಹೋಗಿದೆ.

"ಏನು ಕಾಯ್ತಿದ್ದೀರಿ? ಹೋಗಿ ಮಲಗಿ" ಎಂದೆ.

ಗುಬ್ಬಿಯನ್ನು ಡಾಕ್ಟರಮ್ಮನಿಗೆ ತೋರಿಸಿ ಬಂದೆವು. ಎದೆಯಲ್ಲಿ ಏನೂ ಇಲ್ಲ, ಔಷಧಿ ಬೇಕಿಲ್ಲ, ಬೆಚ್ಚಗೆ ಕುಡಿಯಲು ಕೊಡಿ, ಮಲಗುವ ಮುಂಚೆ ಒಂದು ಚಮಚ ಜೇನುತುಪ್ಪ ಸಾಕು ಅಂದಳು. ಉಸಿರಿಗೆ ಕಷ್ಟವಾದರೆ, ಜ್ವರ ಬಿಡದಿದ್ದರೆ ಕರೆದುಕೊಂಡು ಬನ್ನಿ ಅಂದಳು. ಅಷ್ಟಕ್ಕೆ ಅಷ್ಟು ಹೊತ್ತು ಕಾಯಿಸಿದಳು.

ಜೇನುತುಪ್ಪದ ಚಮಚ ಹಿಡಿದಾಗ ಗುಬ್ಬಿ ಅದರೊಳಗೆ ಇಣುಕಿ, "ಅಜ್ಜಿ, ಇದರ ಚೀಟಿ ಓದಿದ್ಯಾ?" ಅಂದಳು. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಡಬ್ಬಿ ತಿರುಗಿಸಿ, ಕನ್ನಡಕ ಹಾಕಿಕೊಂಡು, ಪೂರ್ತಿ ಓದಿ ಹೇಳಿದೆ. ನುಂಗಿದಳು. ನಾಲಿಗೆ ತೋರಿಸಲು ಬಂದಳು. "ಬೇಕಿಲ್ಲ" ಎಂದೆ.

ಡಿಸೆಂಬರ್ ೧೬, ಬುಧವಾರ

ಇವರು ಇವತ್ತು ಅಂಗಡಿಗೆ ಇಳಿದರು. ನಿಲ್ಲುವುದು ಬೇಡ ಎಂದು ಸ್ಟೂಲು ಹಾಕಿಕೊಟ್ಟೆ. ಒಂದು ಶರ್ಟಿನ ತೋಳಿನ ಮೇಲಿನ ತುಕ್ಕಿನ ಕಲೆಯನ್ನು ನಿಧಾನವಾಗಿ ಬಿಡಿಸುತ್ತ ಕೂತಿದ್ದರು. ಆ ಕೆಲಸಕ್ಕೆ ಅವರ ಕೈಯೇ ಬೇಕು.

ಗಾಳಿ ಜೋರಾಗಿತ್ತು. ಉಣ್ಣೆ ಮಫ್ಲರ್ ತಂದು ಕೊರಳಿಗೆ ಸುತ್ತಲು ಹೋದೆ.

"ಬೇಡ" ಅಂದರು.

ಯಂತ್ರ ತಿರುಗುತ್ತಿತ್ತು, ಸರಿಯಾಗಿ ಕೇಳಿಸಲಿಲ್ಲ ಅಂದುಕೊಂಡೆ. "ಏನಂದಿರಿ?"

ಕಲೆಯಿಂದ ಕಣ್ಣೆತ್ತಿ ನನ್ನ ಮುಖ ನೋಡಿದರು. ಕಿವಿ ಕೆಂಪಾಗಿತ್ತು. "ಬೇಡ ಅಂದೆ ಕಣೇ. ಸೆಕೆಯಾಗುತ್ತೆ. ನನಗೆ ಅದು ಮೊದಲಿಂದಲೂ ಆಗಲ್ಲ, ಕುತ್ತಿಗೆ ಚುಚ್ಚುತ್ತೆ."

ಮೊದಲಿಂದಲೂ! ಪ್ರತಿ ಚಳಿಗಾಲದಲ್ಲೂ ಸುತ್ತಿದ್ದೇನೆ. ನಾನೇ ಹೆಣೆದದ್ದು.

ಮೀಸೆ ಇಸ್ತ್ರಿ ಎತ್ತಿ ನಿಲ್ಲಿಸಿದ. ಸೊಸೆ ಕೌಂಟರಿನಲ್ಲಿ ಚೀಟಿ ಹರಿಯುವುದನ್ನು ಬಿಟ್ಟಳು. ಮಗ ಯಂತ್ರ ಆರಿಸಿಬಿಟ್ಟ, ಇವತ್ತು ಏನೋ ಆಗುತ್ತದೆ ಅಂತ. ಮಫ್ಲರ್ ನನ್ನ ಎರಡೂ ಕೈಯಲ್ಲಿ ಹಾಗೇ ಇತ್ತು.

ಇದನ್ನೂ ಮುಚ್ಚಿಟ್ಟಿದ್ದರಲ್ಲ ಅಂತ ಮೊದಲು ಸಿಟ್ಟೇ ಬಂತು. ಅದು ಸುಳ್ಳಲ್ಲ. ಇನ್ನೂ ಏನೇನಿದೆಯೋ.

ನಾನು ಅವರ ಹತ್ತಿರ ಬಗ್ಗಿದೆ.

"ಇನ್ನೊಂದು ಸಲ ಅನ್ನಿ" ಎಂದೆ.

ನಾನು ಗದರಿಸಿದೆ ಅಂತ ಅವರೆಲ್ಲ ತಿಳಿದರು. ತಿಳಿದುಕೊಳ್ಳಲಿ.

"ಬೇಡ" ಅಂದರು ಇವರು, ಮೊದಲಿಗಿಂತ ಗಟ್ಟಿಯಾಗಿ.

ಮಫ್ಲರ್ ಮಡಿಸಿ ಕಂಕುಳಲ್ಲಿಟ್ಟುಕೊಂಡು, ಯಂತ್ರ ಹಾಕು ಎಂದು ಮಗನಿಗೆ ಹೇಳಿ ಮೇಲೆ ಬಂದೆ.